ಮರಿಯ ಬೆಲೆ, ತಾಯಿಯ ಬಾಕಿ



ಈ ದತ್ತಿ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ದತ್ತಿ ಸಮಿತಿಯವರು ನನಗೇ ಬಿಟ್ಟರು. ಸೇವಾವಧಿಯನ್ನೆಲ್ಲ ಹಸು, ಎಮ್ಮೆ, ಕುರಿಗಳ ನಡುವೆ ಕಳೆದ ಪಶುವೈದ್ಯ ಹೈನುಗಾರಿಕೆಯ ಬಗ್ಗೆಯೋ ಕಾಲುಬಾಯಿ ಜ್ವರದ ಬಗ್ಗೆಯೋ ಮಾತಾಡಿಯಾನು ಎಂದು ಅವರು ಅಂದುಕೊಂಡಿರಬಹುದು. ನಾನು ಆರಿಸಿಕೊಂಡಿರುವುದು ನಾಯಿಯನ್ನು. ಅದರಲ್ಲೂ, ಮರಿ ಮಾರುವವರ ಬೋನಿನಲ್ಲಿ ವರ್ಷಗಟ್ಟಲೆ ಮರಿ ಹಾಕಿ, ಇನ್ನು ಲಾಭವಿಲ್ಲ ಎನಿಸಿದ ಮೇಲೆ ಹೊರಬಿದ್ದ ಹೆಣ್ಣು ನಾಯಿಯನ್ನು. ಅಂಥದ್ದನ್ನು ಮನೆಗೆ ತಂದು, ಅದರ ಕಾಯಿಲೆ ಕಸಾಲೆಗಳ ಸಮೇತ ಕೊನೆಯವರೆಗೆ ಸಾಕುವುದು ಎಂದರೇನು ಎಂಬುದು ಇಂದಿನ ವಿಷಯ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಇಂಥ ನಾಯಿ ಎಲ್ಲಿಂದ ಬರುತ್ತದೆ ಎಂಬುದು ಮೊದಲನೆಯದು. ಅದರ ದೇಹ ಏನೇನನ್ನು ಹೊತ್ತು ತರುತ್ತದೆ ಎಂಬುದು ಎರಡನೆಯದು. ಅದರ ಮನಸ್ಸು ಮತ್ತು ನಮ್ಮ ಮನೆಯ ದಿನಚರಿ ಮೂರನೆಯದು. ಕಾನೂನು ಮತ್ತು ಮರಿ ಕೊಳ್ಳುವವರ ಹೊಣೆ ಕೊನೆಯದು. ನಾಲ್ಕಕ್ಕೂ ಆಧಾರವಾಗಿರುವ ನನ್ನ ಅಭಿಪ್ರಾಯ ಒಂದೇ. ಅಂಗಡಿಯಲ್ಲಿ ನಾವು ಕೊಡುವ ಮರಿಯ ಬೆಲೆಯಲ್ಲಿ ಅದರ ತಾಯಿಯ ಆರೈಕೆಯ ಖರ್ಚು ಸೇರಿರುವುದಿಲ್ಲ. ಆ ಬಾಕಿಯನ್ನು ಯಾರೋ ಒಬ್ಬರು ಎಂದೋ ಒಂದು ದಿನ ತೀರಿಸಬೇಕಾಗುತ್ತದೆ.

ಮೊದಲ ಭಾಗಕ್ಕೆ ಬರುತ್ತೇನೆ. ನಿಮ್ಮಲ್ಲಿ ಬಹಳ ಜನ 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರವನ್ನು ನೋಡಿದ್ದೀರಿ, ಕಣ್ಣೊರೆಸಿಕೊಂಡಿದ್ದೀರಿ. ಅದರ ಚಾರ್ಲಿ ಕ್ರೂರಿಯಾದ ತಳಿಗಾರನೊಬ್ಬನಿಂದ ತಪ್ಪಿಸಿಕೊಂಡು ಬಂದ ಲ್ಯಾಬ್ರಡಾರ್ ನಾಯಿ. ರಕ್ತಸಂಬಂಧದೊಳಗೇ ಮರಿ ಮಾಡಿಸುವ ದಂಧೆ ಎಂಥ ಕಾಯಿಲೆಗೆ ದಾರಿ ಮಾಡುತ್ತದೆ ಎಂಬುದನ್ನೂ ಚಿತ್ರ ಹೇಳಿತು. ಕನ್ನಡದ ಸಾಮಾನ್ಯ ಪ್ರೇಕ್ಷಕನಿಗೆ ತಳಿ ವ್ಯಾಪಾರದ ಒಳಮುಖವನ್ನು ಪರಿಚಯಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಆದರೆ ಚಾರ್ಲಿ ತಪ್ಪಿಸಿಕೊಂಡು ಬಂದವಳು. ನಾನು ಹೇಳಹೊರಟಿರುವುದು ತಪ್ಪಿಸಿಕೊಳ್ಳಲಾಗದೆ ಒಳಗೇ ಉಳಿದ ತಾಯಿಯ ವಿಚಾರ.

ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಆಮೇಲೆ ಆರೆಂಟು ವಾರ ಮರಿಗಳಿಗೆ ಹಾಲು. ಬೆದೆಗೆ ಬಂದಾಗಲೆಲ್ಲ ಗಂಡು ಬಿಟ್ಟರೆ ಆ ದೇಹಕ್ಕೆ ಚೇತರಿಸಿಕೊಳ್ಳಲು ಪುರಸೊತ್ತೇ ಸಿಗುವುದಿಲ್ಲ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳನ್ನು ತಂದಿತು. ಅದರಂತೆ ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು, ಅಥವಾ 8 ವರ್ಷ ದಾಟಿದ ಮೇಲೆ, ಮರಿ ಮಾಡಿಸುವಂತಿಲ್ಲ. ಇಡೀ ಆಯುಷ್ಯದಲ್ಲಿ 5 ಸೂಲಿಗಿಂತ ಹೆಚ್ಚು ಕೂಡದು. 8 ವಾರ ತುಂಬದ ಮರಿಯನ್ನು ಮಾರಕೂಡದು. ಲೆಕ್ಕಪುಸ್ತಕ ಇಡಬೇಕು, ಮೈಕ್ರೋಚಿಪ್ ಹಾಕಿಸಬೇಕು.

ನಿಯಮ ಚೆನ್ನಾಗಿದೆ. ಆದರೆ ಮರಿ ಮಾಡಿಸುವ ದಂಧೆ ನಡೆಯುವ ತಾರಸಿಯ ಮೇಲಿನ ತಗಡಿನ ಕೊಠಡಿಗೆ, ನಗರದಂಚಿನ ಶೆಡ್ಡಿಗೆ ಅದು ತಲುಪುವುದು ಕಷ್ಟ. ಅಲ್ಲಿನ ವ್ಯವಹಾರವೆಲ್ಲ ಮೊಬೈಲಿನಲ್ಲಿ. ಮರಿಯ ಫೋಟೋ ಬರುತ್ತದೆ, ಮುಂಗಡ ಹೋಗುತ್ತದೆ, ಬಸ್ ನಿಲ್ದಾಣದ ಹತ್ತಿರವೋ ಪೆಟ್ರೋಲ್ ಬಂಕಿನ ಹತ್ತಿರವೋ ರಟ್ಟಿನ ಪೆಟ್ಟಿಗೆ ಕೈಬದಲಾಗುತ್ತದೆ. ಕೊಂಡವರು ತಾಯಿಯನ್ನು ನೋಡುವುದೇ ಇಲ್ಲ. ಬೇಡಿಕೆ ಯಾವಾಗ ಏರುತ್ತದೆಂದು ಹೇಳುವಂತಿಲ್ಲ. 2003ರ ಸುಮಾರಿಗೆ ಹಚ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ಓಡಿದ ಪುಟ್ಟ ಪಗ್ ನಾಯಿ ದೇಶದ ತುಂಬ ಮನೆಮಾತಾಯಿತು. ಎಲ್ಲರಿಗೂ ಪಗ್ ಬೇಕಾಯಿತು. ತಲೆ ದೊಡ್ಡದು, ಸೊಂಟ ಕಿರಿದು, ಉಸಿರಾಟವೇ ಕಷ್ಟವಾಗಿರುವ ಈ ತಳಿಯಲ್ಲಿ ಹೆರಿಗೆ ಅನೇಕ ಸಲ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. ಜಾಹೀರಾತಿನಲ್ಲಿ ಅದನ್ನು ಯಾರೂ ನೋಡಲಿಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಒಂದು ಮರಿ ಉತ್ಪಾದನಾ ಕೇಂದ್ರದಿಂದ 2013ರಲ್ಲಿ ಲೂಸಿ ಎಂಬ ಕ್ಯಾವಲಿಯರ್ ಸ್ಪ್ಯಾನಿಯಲ್ ನಾಯಿಯನ್ನು ಬಿಡಿಸಿ ತಂದರು. ಇಕ್ಕಟ್ಟಾದ ಬೋನಿನಲ್ಲೇ ಕಾಲ ಕಳೆದು ಅವಳ ಸೊಂಟದ ಕೀಲುಗಳು ಬೆಸೆದುಕೊಂಡಿದ್ದವು. ಬೆನ್ನು ಬಾಗಿತ್ತು, ಮೈಯಲ್ಲಿ ಅಲ್ಲಲ್ಲಿ ಕೂದಲು ಉದುರಿತ್ತು, ಕಣ್ಣೀರು ಬತ್ತಿತ್ತು, ಅಪಸ್ಮಾರವೂ ಇತ್ತು. ದತ್ತು ತೆಗೆದುಕೊಂಡ ಮಹಿಳೆ ಮೂರು ವರ್ಷಕ್ಕೂ ಮೀರಿ ಅವಳನ್ನು ಜೋಪಾನ ಮಾಡಿದರು. 2016ರ ಕೊನೆಗೆ ಲೂಸಿ ತೀರಿಕೊಂಡಳು. ಆಮೇಲೆ ಏನಾಯಿತೆಂಬುದನ್ನು ನಾಲ್ಕನೆಯ ಭಾಗದಲ್ಲಿ ಹೇಳುತ್ತೇನೆ. ಅಮೆರಿಕದ ವರ್ಜೀನಿಯಾದಲ್ಲಿ, ಪ್ರಯೋಗಾಲಯಗಳಿಗೆಂದು ಬೀಗಲ್ ನಾಯಿಗಳನ್ನು ಬೆಳೆಸುತ್ತಿದ್ದ ಎನ್ವಿಗೋ ಕಂಪನಿಯ ಕೇಂದ್ರದಿಂದ 2022ರಲ್ಲಿ ಸುಮಾರು 4,000 ನಾಯಿಗಳು ಹೊರಬಂದವು. ಬ್ರಿಟನ್ನಿನ ರಾಜಕುಮಾರ ಹ್ಯಾರಿ ದಂಪತಿ ಆ ಗುಂಪಿನಿಂದ ಮರಿಯನ್ನು ಬಿಟ್ಟು, ಮರಿ ಹಾಕಿ ದಣಿದಿದ್ದ ಏಳು ವರ್ಷದ ತಾಯಿಯನ್ನು ಮನೆಗೆ ಕರೆದೊಯ್ದದ್ದು ಸುದ್ದಿಯಾಯಿತು. ನಮ್ಮ ಬೆಂಗಳೂರಿನಲ್ಲೂ ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್‌ಗಳಿಗೆ ಪ್ರಾಣಿದಯಾ ಸಂಘಟನೆಗಳು ಮನೆ ಹುಡುಕಿಕೊಟ್ಟಿವೆ. ಅವುಗಳ ಕಥೆ ಬೇರೆಯಾದರೂ ಬೋನಿನ ಬದುಕು ಬಿಟ್ಟುಹೋಗುವ ಗುರುತು ಒಂದೇ.

ಆ ಗುರುತುಗಳು ಯಾವುವು? ಇದು ನನ್ನ ಮಾತಿನ ಎರಡನೆಯ ಭಾಗ.

ಪಾದದಿಂದ ಪ್ರಾರಂಭಿಸೋಣ. ತಂತಿಯ ನೆಲದ ಮೇಲೆ ನಿಂತು ನಿಂತು ಬೆರಳುಗಳ ನಡುವೆ ಹುಣ್ಣಾಗಿರುತ್ತದೆ. ಮಣ್ಣಿನಲ್ಲಿ ಓಡಾಡಿ ಸವೆಯಬೇಕಾದ ಉಗುರು ಸುರುಳಿ ಸುತ್ತಿ ಪಾದದ ಮೆತ್ತೆಗೇ ಚುಚ್ಚಿಕೊಂಡಿರುವುದುಂಟು. ಮೂತ್ರದ ಮೇಲೇ ಮಲಗಿ ಹೊಟ್ಟೆಯಡಿಯ ಚರ್ಮ ಸುಟ್ಟಂತಾಗಿರುತ್ತದೆ. ಉದ್ದ ಕೂದಲಿನ ತಳಿಯಾದರೆ ಕೂದಲು ಜಡೆಗಟ್ಟಿ ಅಡಿಯಲ್ಲಿ ಗಾಯ ಅಡಗಿರುತ್ತದೆ. ಬಾಯಿ ತೆರೆದು ನೋಡಿದರೆ ಸರಳು ಕಡಿದು ಮುರಿದ ಹಲ್ಲು, ಕೀವು ತುಂಬಿದ ಒಸಡು. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ, ಬಬೀಸಿಯಾ ಜ್ವರಗಳು ನಮ್ಮ ಹವೆಯಲ್ಲಿ ಸಾಮಾನ್ಯ. ಹೊರಗೆ ಏನೂ ಕಾಣಿಸದಿದ್ದರೂ ರಕ್ತಪರೀಕ್ಷೆ ಮಾಡಿಸಲೇಬೇಕು.

ಇವೆಲ್ಲಕ್ಕಿಂತ ತುರ್ತಾದದ್ದು ಗರ್ಭಕೋಶ. ಪ್ರತಿ ಬೆದೆಯ ನಂತರ, ಗರ್ಭ ನಿಲ್ಲಲಿ ಬಿಡಲಿ, ಹೆಣ್ಣು ನಾಯಿಯ ದೇಹದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ವಾರಗಟ್ಟಲೆ ಏರಿಯೇ ಇರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತ ಬಂದು ಸೋಂಕಿಗೆ ಜಾಗ ಮಾಡಿಕೊಡುತ್ತದೆ. ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ನಾಯಿ ಮೇಲಿಂದ ಮೇಲೆ ನೀರು ಕುಡಿಯುತ್ತಿದ್ದರೆ, ಊಟ ಬಿಟ್ಟರೆ, ಮಂಕಾಗಿ ಮಲಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದೆಂದು ಮೊದಲು ಅನುಮಾನಿಸಬೇಕು. ತಡಮಾಡಿದರೆ ಪ್ರಾಣ ಹೋಗುತ್ತದೆ. ಆದ್ದರಿಂದ ಆರೋಗ್ಯ ತಡೆದುಕೊಳ್ಳುವ ಸ್ಥಿತಿಗೆ ಬಂದ ಕೂಡಲೇ ಗರ್ಭಕೋಶ, ಅಂಡಾಶಯ ತೆಗೆಸುವ ಶಸ್ತ್ರಚಿಕಿತ್ಸೆ ಆಗಬೇಕು. ಅದೇ ವೇಳೆ ಮೊಲೆಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಎಳೆಯ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆಯಾದ ನಾಯಿಗಳಲ್ಲಿ ಮೊಲೆಯ ಗಂಟು ಅಪರೂಪ. ಬೆದೆ ಮೇಲೆ ಬೆದೆ ಕಂಡವುಗಳಲ್ಲಿ ಅದು ಹೆಚ್ಚು.

ಇವು ಒಂದು ಸಲ ಚಿಕಿತ್ಸೆ ಮಾಡಿ ಮುಗಿಸಬಹುದಾದವು. ಮುಗಿಯದವು ಬೇರೆ ಇವೆ, ದತ್ತು ತೆಗೆದುಕೊಳ್ಳುವವರು ತಿಳಿದಿರಬೇಕಾದದ್ದು ಅವನ್ನೇ. ಕಣ್ಣೀರು ಬತ್ತುವ ಕಾಯಿಲೆಗೆ ಸೈಕ್ಲೋಸ್ಪೊರಿನ್‌ನಂಥ ಔಷಧಿಯನ್ನು ದಿನಕ್ಕೆರಡು ಸಲ, ಸಾಮಾನ್ಯವಾಗಿ ಬದುಕಿರುವವರೆಗೂ ಹಾಕಬೇಕು. ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ಹೃದಯದ ಕವಾಟ ಸಡಿಲವಾಗುತ್ತದೆ. ಅದಕ್ಕೆ ಮಾತ್ರೆ ಶುರುವಾದರೆ ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಕೊಡಬೇಕು. ಮೊಣಕಾಲಿನ ಚಿಪ್ಪು ಜಾರುವುದು, ಸೊಂಟದ ಕೀಲು ಸವೆಯುವುದು ಇವಕ್ಕೆ ತೂಕ ಏರದಂತೆ ನೋಡಿಕೊಳ್ಳುವುದೇ ಮೊದಲ ಮದ್ದು. ಶಸ್ತ್ರಚಿಕಿತ್ಸೆಯಾದ ಕೆಲವು ಹೆಣ್ಣು ನಾಯಿಗಳಿಗೆ ನಿದ್ದೆಯಲ್ಲಿ ಮೂತ್ರ ಸೋರುತ್ತದೆ. ಇದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ. ಔಷಧಿಗೆ ಬಗ್ಗುವ ತೊಂದರೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಬಳ್ಳಾರಿ, ಕಲಬುರಗಿಯ ಬೇಸಿಗೆ ಜೀವಕ್ಕೇ ಅಪಾಯ. ಬಿಸಿಲೇರುವ ಮುನ್ನವೇ ಸುತ್ತಾಟ ಮುಗಿಸಿ ಮನೆ ಸೇರಬೇಕು.

ದೇಹದ ಮಾತು ಇಲ್ಲಿಗೆ ಸಾಕು. ಮೂರನೆಯ ಭಾಗಕ್ಕೆ, ಅಂದರೆ ಮನಸ್ಸಿಗೆ, ಬರೋಣ.

ಅಮೆರಿಕದ ಪಶುವೈದ್ಯ ಫ್ರ್ಯಾಂಕ್ಲಿನ್ ಮೆಕ್‌ಮಿಲನ್ ಮತ್ತು ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಳಿ ಕೇಂದ್ರಗಳಿಂದ ಹೊರಬಂದು ಮನೆ ಸೇರಿದ 1,169 ನಾಯಿಗಳ ನಡವಳಿಕೆಯನ್ನು ಮಾಮೂಲಿ ಸಾಕುನಾಯಿಗಳ ಜೊತೆ ಹೋಲಿಸಿ ನೋಡಿದ ಅಧ್ಯಯನ ಅದು. ತಳಿ ಕೇಂದ್ರದವುಗಳಲ್ಲಿ ಭಯ ಹೆಚ್ಚು, ಮನೆಯೊಳಗೆ ಹೊಲಸು ಮಾಡುವುದು ಹೆಚ್ಚು, ಶೂನ್ಯವನ್ನೇ ದಿಟ್ಟಿಸುತ್ತ ನಿಲ್ಲುವುದು ಹೆಚ್ಚು. ಹೇಳಿಕೊಟ್ಟದ್ದನ್ನು ಕಲಿಯುವುದು ನಿಧಾನ. ಆದರೆ ಅಪರಿಚಿತರ ಮೇಲೆ, ಬೇರೆ ನಾಯಿಗಳ ಮೇಲೆ ಎರಗುವ ಸ್ವಭಾವ ಅವುಗಳಲ್ಲಿ ಕಡಿಮೆ ಎಂದೂ ಕಂಡುಬಂತು. ಮೂಲೆ ಬಿಟ್ಟು ಏಳದ ನಾಯಿಯನ್ನು ನೋಡಿ ‘ಎಷ್ಟು ಸಾಧು’ ಎಂದು ನಾವು ಮೆಚ್ಚುತ್ತೇವಲ್ಲ, ಆ ಸಾಧುತನ ಬಹಳ ಸಲ ಹೆದರಿಕೆಯೇ ಆಗಿರುತ್ತದೆ.

ಹೊಲಸು ಮಾಡುವುದಕ್ಕೂ ಕಾರಣವಿದೆ. ಮಲಗುವ ಜಾಗವನ್ನು ಚೊಕ್ಕಟವಾಗಿಟ್ಟುಕೊಳ್ಳುವುದು ನಾಯಿಯ ಹುಟ್ಟುಗುಣ. ಬೋನಿನಲ್ಲಿ ಮಲಗುವುದೂ ಅಲ್ಲೇ, ಉಣ್ಣುವುದೂ ಅಲ್ಲೇ, ಉಚ್ಚೆ ಹೊಯ್ಯುವುದೂ ಅಲ್ಲೇ. ವರ್ಷಗಟ್ಟಲೆ ಹೀಗಾದರೆ ಆ ಗುಣ ಅಳಿಸಿಹೋಗುತ್ತದೆ. ಬೈದರೆ ಅದು ಮರಳಿ ಬರುವುದಿಲ್ಲ. ಎದ್ದ ತಕ್ಷಣ, ಉಂಡ ತಕ್ಷಣ, ಮಲಗುವ ಮುನ್ನ ಒಂದೇ ಜಾಗಕ್ಕೆ ಕರೆದೊಯ್ದು ಕಾಯುವುದೊಂದೇ ದಾರಿ.

ನಮ್ಮ ಮನೆಯ ಗೌರಿಯ ಒಂದು ಸಂಗತಿ ಹೇಳುತ್ತೇನೆ. ಗೌರಿ ಪಗ್ ಜಾತಿಯವಳು. ಬಂದಾಗ ಹೊಟ್ಟೆಯ ಮೇಲೆ ಒಂದೇ ಕಡೆ ಕೊಯ್ದು ಕೊಯ್ದು ಹೊಲಿದ ಗುರುತಿತ್ತು. ಎಷ್ಟು ಹೆರಿಗೆಯಾಗಿತ್ತೋ ಕಾಗದ ಇರಲಿಲ್ಲ. ಎರಡೂ ಕಣ್ಣಿನ ಮೇಲೆ ಕಪ್ಪು ಪೊರೆ ಹರಡಿತ್ತು. ಹಿತ್ತಲಿನ ರುಬ್ಬುಕಲ್ಲಿನ ಹಿಂದಿನ ಸಂದಿ ಹಿಡಿದವಳು ಅಲ್ಲಿಂದ ಏಳಲಿಲ್ಲ. ಮುಂದಿಟ್ಟ ಅನ್ನವನ್ನು ರಾತ್ರಿ ದೀಪ ಆರಿದ ಮೇಲಷ್ಟೇ ಮುಟ್ಟುತ್ತಿದ್ದಳು. ನಾನು ವೈದ್ಯ, ಹಿಡಿಯುವುದು, ನೋಡುವುದು, ಸೂಜಿ ಹಾಕುವುದು ನನ್ನ ಕೈಯ ಅಭ್ಯಾಸ. ನಮ್ಮ ಮನೆಯವರದು ಬೇರೆ ರೀತಿ. ದಂಟಿನ ಸೊಪ್ಪಿನ ಕಟ್ಟು ತಂದುಕೊಂಡು ಗೌರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಸೊಪ್ಪು ಬಿಡಿಸುತ್ತ, ತಮ್ಮಷ್ಟಕ್ಕೆ ಏನೋ ಗೊಣಗುತ್ತ, ಮೊಸರನ್ನದ ಬಟ್ಟಲನ್ನು ತುಸು ದೂರದಲ್ಲಿಟ್ಟಿರುತ್ತಿದ್ದರು. ತಿರುಗಿ ನೋಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಬಟ್ಟಲು ದಿನಕ್ಕೊಂದಿಷ್ಟು ಅವರ ಹತ್ತಿರಕ್ಕೆ ಸರಿಯಿತು. ಕೊನೆಗೆ ಗೌರಿ ಅವರ ಸೆರಗಿನ ಪಕ್ಕ ನಿಂತೇ ಉಂಡಳು. ಕಣ್ಣಿನ ಔಷಧಿಯನ್ನೂ ಅವರೇ ಹಾಗೇ, ಬೆನ್ನ ಕಡೆಯಿಂದ ಕೈ ತಂದು, ಗದ್ದ ಎತ್ತಿ ಹಾಕುವುದನ್ನು ರೂಢಿ ಮಾಡಿದರು. ಹೀಗೆಂದು ಗೌರಿ ಪೂರ್ತಿ ಸರಿಹೋದಳೆಂದು ತಿಳಿಯಬೇಡಿ. ಈಗಲೂ ಕಬ್ಬಿಣದ ಗೇಟು ಕಿರ್ರೆಂದರೆ, ಬೂಟು ಹಾಕಿದವರು ಒಳಗೆ ಬಂದರೆ, ಮತ್ತೆ ರುಬ್ಬುಕಲ್ಲಿನ ಹಿಂದೆ ಹೋಗಿ ಕೂರುತ್ತಾಳೆ. ನಾವು ಆ ಸಂದಿಯನ್ನು ಮುಚ್ಚಿಲ್ಲ, ಒಂದು ಗೋಣಿಚೀಲ ಹಾಸಿದ್ದೇವೆ.

ಇಂಥ ನಾಯಿಯನ್ನು ತರುವ ಮುನ್ನ ಮನೆಯವರೆಲ್ಲ ಕೂತು ಮಾತಾಡಬೇಕಾದ ಕೆಲವು ವಿಷಯಗಳಿವೆ. ಹೊತ್ತಿಗೆ ಸರಿಯಾಗಿ ಔಷಧಿ ಹಾಕುವವರು ಯಾರು? ಮದುವೆ ಮುಂಜಿಗೆ ಊರಿಗೆ ಹೋದರೆ ಆ ಕೆಲಸ ಯಾರದು? ನುಣುಪು ಟೈಲ್ಸ್ ನೆಲದ ಮೇಲೆ ಕಾಲು ಜಾರದಂತೆ ಚಾಪೆಯನ್ನೋ ರಬ್ಬರ್ ಮ್ಯಾಟನ್ನೋ ಹಾಸಲು ತಯಾರಿದ್ದೀರಾ? ತಿಂಗಳ ಔಷಧಿ, ವರ್ಷದ ರಕ್ತಪರೀಕ್ಷೆ, ಹಲ್ಲು ಶುಚಿ ಮಾಡಿಸುವುದು, ಅನಿರೀಕ್ಷಿತವಾಗಿ ಬರುವ ಶಸ್ತ್ರಚಿಕಿತ್ಸೆ, ಇವಕ್ಕೆ ಹಣ ಬೇರೆ ತೆಗೆದಿಡಬಲ್ಲಿರಾ? ಹೊಸ ಮನೆಗೆ ಬಂದ ಭೀತ ನಾಯಿ ಬಾಗಿಲು ಸ್ವಲ್ಪ ತೆರೆದಿದ್ದರೂ ಸಾಕು, ಓಡಿಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಕೊರಳಪಟ್ಟಿಯ ಜೊತೆಗೆ ಎದೆಪಟ್ಟಿಯೂ ಬೇಕು, ಕೊರಳಲ್ಲಿ ನಿಮ್ಮ ಫೋನ್ ನಂಬರಿನ ಬಿಲ್ಲೆ ಬೇಕು. ದೀಪಾವಳಿಯ ವಾರದಲ್ಲಿ ಇನ್ನೂ ಎಚ್ಚರ ಬೇಕು. ಮನೆಯಲ್ಲಿ ಈಗಾಗಲೇ ಸಮಾಧಾನದ ಸ್ವಭಾವದ ಒಂದು ನಾಯಿಯಿದ್ದರೆ ಒಳ್ಳೆಯದು. ಹೊಸಬಳು ಮನುಷ್ಯರಿಗಿಂತ ಬೇಗ ಅದನ್ನು ನೋಡಿ ಕಲಿಯುತ್ತಾಳೆ.

ಒಂದು ಕಟು ಮಾತನ್ನೂ ಹೇಳಬೇಕು. ಎಲ್ಲರೂ ಇಂಥ ನಾಯಿಯನ್ನು ತರಬೇಕಿಲ್ಲ. ಬೆಳಿಗ್ಗೆ ಹೋಗಿ ರಾತ್ರಿ ಬರುವ ಮನೆಗೆ, ಮಕ್ಕಳ ಆಟಕ್ಕೊಂದು ಜೊತೆ ಬೇಕೆನ್ನುವ ಮನೆಗೆ ಅದು ಹೊಂದುವುದಿಲ್ಲ. ಸಿನಿಮಾ ನೋಡಿ ಉಕ್ಕಿದ ಕನಿಕರದಲ್ಲಿ ತಂದು, ಎರಡು ತಿಂಗಳಲ್ಲಿ ವಾಪಸು ಬಿಡುವುದಕ್ಕಿಂತ ತರದಿರುವುದೇ ನಾಯಿಗೆ ಉಪಕಾರ. ತಂದವರು ಕೊನೆಯ ದಿನಗಳಿಗೂ ಸಿದ್ಧರಿರಬೇಕು. ನೋವು ಔಷಧಿಗೆ ಬಗ್ಗದೆ, ಉಸಿರಾಟವೇ ಹಿಂಸೆಯಾದಾಗ ದಯಾಮರಣದ ಪ್ರಶ್ನೆ ಬರುತ್ತದೆ. ಆಗ ವೈದ್ಯರ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡುವುದೂ ಸಾಕಣೆಯ ಒಂದು ಭಾಗವೇ.

ಇನ್ನು ಕೊನೆಯ ಭಾಗ, ಕಾನೂನು ಮತ್ತು ಕೊಳ್ಳುವವರ ಹೊಣೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರಲ್ಲಿ ಅಂಗೀಕಾರವಾಯಿತು. ಅದರ ಹಿಂದೆ, ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯೆಯಾಗಿದ್ದ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರ ಶ್ರಮವಿತ್ತು. ಪ್ರಾಣಿ ಮೈಯಾಡಿಸಲಾಗದಂಥ ಇಕ್ಕಟ್ಟಾದ ಬೋನಿನಲ್ಲಿ ಅದನ್ನಿಡುವುದು ಆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬಿಟ್ಟುಹೋಗುವುದೂ ಅಪರಾಧವೇ. ಆದರೆ ಮೊದಲ ಸಲದ ತಪ್ಪಿಗೆ ಕಾಯ್ದೆ ಹೇಳಿದ ದಂಡ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಆ ಮೊತ್ತಕ್ಕೆ ಬೆಲೆಯಿದ್ದೀತು, ಇಂದು ಒಂದು ಮರಿಯನ್ನು ಸಾವಿರಾರು ರೂಪಾಯಿಗೆ ಮಾರುವವನಿಗೆ ಅದು ಲೆಕ್ಕಕ್ಕೇ ಇಲ್ಲ. ದಂಡವನ್ನು ಏರಿಸಬೇಕು, ನೋಂದಣಿಯಿಲ್ಲದ ತಳಿಗಾರರನ್ನು ಹುಡುಕಿ ತಪಾಸಣೆ ನಡೆಸಬೇಕು. ಇವೆರಡೂ ಸರ್ಕಾರದ ಕೆಲಸ.

ಲೂಸಿಯ ಕಥೆಯ ಉಳಿದ ಭಾಗವನ್ನು ಈಗ ಹೇಳುತ್ತೇನೆ. ಮಾರ್ಕ್ ಏಬ್ರಹಾಂ ಎಂಬ ಪಶುವೈದ್ಯರು ಮುಂದಾಳಾಗಿ ನಡೆಸಿದ ಆಂದೋಲನದ ಫಲವಾಗಿ, ‘ಲೂಸಿ ಕಾನೂನು’ ಎಂದೇ ಜನ ಕರೆಯುವ ನಿಯಮ ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ 6ರಂದು ಜಾರಿಯಾಯಿತು. ಆರು ತಿಂಗಳು ತುಂಬದ ನಾಯಿಮರಿ, ಬೆಕ್ಕಿನ ಮರಿಗಳನ್ನು ದಲ್ಲಾಳಿಯಾಗಲಿ ಅಂಗಡಿಯಾಗಲಿ ಮಾರುವಂತಿಲ್ಲ. ಮರಿ ಬೇಕೆಂದವರು ನೇರವಾಗಿ ತಳಿಗಾರನ ಬಳಿಗೇ ಹೋಗಬೇಕು, ಅವನು ಮರಿಯನ್ನು ತಾಯಿಯ ಜೊತೆಗೆ ತೋರಿಸಬೇಕು. ಇಲ್ಲವಾದರೆ ಆಶ್ರಯ ಕೇಂದ್ರದಿಂದ ದತ್ತು ತೆಗೆದುಕೊಳ್ಳಬೇಕು. ಬೋನಿನಲ್ಲಿ ಬಚ್ಚಿಟ್ಟ ತಾಯಿಯನ್ನು ತೋರಿಸಲಾಗದವನು ಮರಿ ಮಾರಲಾರ ಎಂಬುದೇ ಈ ನಿಯಮದ ತರ್ಕ.

ಇದು ನಮ್ಮ ರೈತರಿಗೆ ಹೊಸದೇನಲ್ಲ. ದನದ ಜಾತ್ರೆಯಲ್ಲಿ ಒಂದು ಪಡ್ಡೆಯನ್ನು ಕೊಳ್ಳಲು ಹೋದವನು ಅದರ ಮೈ ನೇವರಿಸಿ ಸುಮ್ಮನೆ ದುಡ್ಡು ಎಣಿಸುವುದಿಲ್ಲ. ತಾಯಿ ಯಾವುದು, ಎಷ್ಟನೇ ಸೂಲಿನದು, ಎಷ್ಟು ಹಾಲು ಕೊಡುತ್ತಿತ್ತು, ಈಗ ಎಲ್ಲಿದೆ ಎಂದು ವಿಚಾರಿಸುತ್ತಾನೆ. ಮಾರುವವನು ತಡವರಿಸಿದರೆ ಹಗ್ಗ ಬಿಟ್ಟು ಮುಂದೆ ನಡೆಯುತ್ತಾನೆ. ನಾಯಿಮರಿಯನ್ನು ಕೊಳ್ಳುವಾಗ ಓದಿದವರಾದ ನಾವು ಈ ವಿವೇಕವನ್ನು ಮರೆತಿದ್ದೇವೆ.

ಸಭಿಕರೇ, ನನ್ನ ಮಾತು ಮುಗಿಯಿತು. ನಿಮ್ಮಲ್ಲಿ ಶಕ್ತಿ, ಸಮಯ, ತಾಳ್ಮೆ ಇರುವವರು ಮರಿ ಹಾಕಿ ದಣಿದ ಒಂದು ನಾಯಿಗೆ ಮನೆ ಕೊಡಿ. ಇಡಿಯಾಗಿ ಹೊರಲಾಗದವರು ಆಶ್ರಯ ಕೇಂದ್ರದಲ್ಲಿರುವ ಒಂದರ ಔಷಧಿಯ ಖರ್ಚನ್ನು ವಹಿಸಿಕೊಳ್ಳಿ, ಇಲ್ಲವೇ ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರ ನಿಮ್ಮಲ್ಲಿಟ್ಟುಕೊಂಡು ಸುಧಾರಿಸಿ ಕಳಿಸಿ. ತಳಿಯ ನಾಯಿಯೇ ಬೇಕೆಂದು ಮರಿ ಕೊಳ್ಳುವವರು ಮುಂಗಡ ಕೊಡುವ ಮೊದಲು ಮೂರು ಮಾತು ಕೇಳಿ: ನಿಮ್ಮ ನೋಂದಣಿ ಪತ್ರ ಎಲ್ಲಿದೆ? ಈ ಮರಿಯ ತಾಯಿಗೆ ಇದು ಎಷ್ಟನೇ ಸೂಲು? ಆ ತಾಯಿಯನ್ನು ಅದು ಇರುವ ಜಾಗದಲ್ಲೇ ನಮಗೆ ತೋರಿಸುತ್ತೀರಾ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಮರಿ ಎಷ್ಟೇ ಮುದ್ದಾಗಿದ್ದರೂ ಕೊಳ್ಳಬೇಡಿ.